ಅಗ್ಗದ ವೇಗದ ಬಿಲ್ ಯಾರು ಕಟ್ಟಿದರು? ಬರ್ಟ್ ಮನ್ರೋ ಮತ್ತು ನಮ್ಮಪ್ಪನ ಅಂಬಾಸಿಡರ್

ನಮ್ಮಪ್ಪನ ಡೀಸೆಲ್ ಅಂಬಾಸಿಡರ್ ಅರಸೀಕೆರೆಯ ಮನೆ ಹಿಂದೆ, ಹುಣಸೆಮರದ ಕೆಳಗೆ, ಟಾರ್ಪಾಲ್ ಹೊದ್ದು ಎರಡು ವರ್ಷದಿಂದ ನಿಂತಿದೆ. ಅಪ್ಪ ಅದನ್ನ ಬಾಡಿಗೆಗೆ ಓಡಿಸಿಯೇ ನನ್ನನ್ನ, ನನ್ನ ಅಕ್ಕನನ್ನ ಓದಿಸಿದ್ದು. 1,489 ಸಿಸಿ ಇಂಜಿನ್, 40 ಅಶ್ವಶಕ್ತಿಗೂ ಕಡಿಮೆ. ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಅದು ಸೆಕೆಂಡ್ ಗೇರಲ್ಲಿ ನರಳುತ್ತಾ ಹತ್ತೋದು. ಹಿಂದಿನಿಂದ ಬಂದ ಬಸ್ಸುಗಳು ಹಾರ್ನ್ ಹೊಡೆದು ಮುಂದೆ ಹೋಗೋವು. ಅಪ್ಪ ಏನೂ ಮಾತಾಡದೆ ಎಡಕ್ಕೆ ಸರಿಯೋರು. ಆ ಸರಿಯೋದು ನನಗೆ ಸಣ್ಣವನಿದ್ದಾಗಿಂದಲೂ ಚುಚ್ಚುತ್ತಿತ್ತು.

ಅಪ್ಪ ತೀರಿಹೋದ ಮೇಲೆ, ಬೆಂಗಳೂರಲ್ಲಿ ಕೆಲಸ ಸಿಕ್ಕಿ ಕೈಯಲ್ಲಿ ಒಂದಿಷ್ಟು ದುಡ್ಡು ಸೇರಿದ ಮೇಲೆ, ಆ ಗಾಡಿಗೆ ಟರ್ಬೋಚಾರ್ಜರ್ ಹಾಕಿಸ್ತೀನಿ ಅಂತ ತೀರ್ಮಾನ ಮಾಡಿದೆ. ಬಜೆಟ್ 60 ಸಾವಿರ. ಗುಜರಿಯಲ್ಲಿ ಯಾವುದೋ ಸಣ್ಣ ಡೀಸೆಲ್ ಕಾರಿನ ಟರ್ಬೋ ಒಂಬತ್ತು ಸಾವಿರಕ್ಕೆ ಸಿಕ್ಕಿತು. ಅದನ್ನ ಚೀಲದಲ್ಲಿ ಹಾಕ್ಕೊಂಡು, ಅಪ್ಪನ ಕಾಲದಿಂದ ಈ ಗಾಡಿ ನೋಡ್ಕೊಂಡು ಬಂದ ಮೆಕ್ಯಾನಿಕ್ ಮಾಮನ ಹತ್ರ ಹೋದೆ. ಅದೇ ವಾರ ನಾನು ಒಬ್ಬ ಸತ್ತ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದ್ತಾ ಇದ್ದೆ. ಹಳೇ ಇಂಜಿನ್ನನ್ನ ಕಡಿಮೆ ದುಡ್ಡಲ್ಲಿ ಓಡಿಸೋ ಕನಸು ಕಂಡ ಯಾರೇ ಆಗಲಿ, ಇವತ್ತಲ್ಲ ನಾಳೆ ಇವನ ಹೆಸರಿಗೆ ಬಂದು ನಿಲ್ಲಲೇಬೇಕು. ಅವನೇ ನ್ಯೂಜಿಲೆಂಡಿನ ಬರ್ಟ್ ಮನ್ರೋ.

ದಕ್ಷಿಣದ ಕೊನೆಯ ಊರಿನ ಹುಡುಗ

ಹರ್ಬರ್ಟ್ ಜೇಮ್ಸ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ. ಜೊತೆಗೆ ಹುಟ್ಟಬೇಕಿದ್ದ ಅವಳಿ ತಂಗಿ ಹುಟ್ಟುವಾಗಲೇ ತೀರಿಕೊಂಡಳು. ಬೆಳೆದದ್ದು ಹತ್ತಿರದ ಎಡೆಂಡೇಲ್‌ನ ಹೊಲಮನೆಯಲ್ಲಿ. ರೈತನ ಮಗ, ಹೊಲದ ಕೆಲಸಕ್ಕೆ ಬೇಕಾದವನು. ಆದ್ರೆ ಅವನ ಕಣ್ಣೆಲ್ಲ ಕುದುರೆ, ರೈಲು, ಸೈಕಲ್, ಹೀಗೆ ಓಡುವ ವಸ್ತುಗಳ ಮೇಲೆ. ಪರ್ವತ ಕೊರೆದು ಮಾಡುತ್ತಿದ್ದ ಓಟಿರಾ ರೈಲು ಸುರಂಗದಲ್ಲೂ ಸ್ವಲ್ಪ ದಿನ ಕೂಲಿ ಮಾಡಿದ. ಅಪ್ಪ ಹೊಸ ಜಮೀನು ಕೊಂಡಾಗ ವಾಪಸ್ ಬರಬೇಕಾಯಿತು.

1920ರಲ್ಲಿ, 21ನೇ ವಯಸ್ಸಿನಲ್ಲಿ, ಅವನು ಒಂದು ಹೊಸ ಮೋಟಾರ್‌ಸೈಕಲ್ ಕೊಂಡ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಯಾರಾದ ಇಂಡಿಯನ್ ಸ್ಕೌಟ್. ಈ ಇಂಡಿಯನ್‌ಗೂ ನಮಗೂ ಸಂಬಂಧ ಇಲ್ಲ. ಅಮೆರಿಕದ ಮೂಲನಿವಾಸಿಗಳಿಗೆ ವಲಸೆ ಬಂದವರು ಇಟ್ಟ ತಪ್ಪು ಹೆಸರನ್ನೇ ಕಂಪನಿ ತನ್ನ ಬ್ರ್ಯಾಂಡ್ ಮಾಡ್ಕೊಂಡಿತ್ತು. ಜನರಿಂದ ನೆಲ ಕಿತ್ತುಕೊಂಡು, ಅವರ ಹೆಸರನ್ನ ಪೆಟ್ರೋಲ್ ಟ್ಯಾಂಕಿನ ಮೇಲೆ ಬರೆಯೋದು ಆ ಕಾಲದ ವ್ಯಾಪಾರದ ರೀತಿ.

600 ಸಿಸಿ ಇಂಜಿನ್, ಗಂಟೆಗೆ 55 ಮೈಲಿ, ಅಂದ್ರೆ ಸುಮಾರು 88 ಕಿಲೋಮೀಟರ್ ಅದರ ಗರಿಷ್ಠ ವೇಗ. ಆ ಕಾಲಕ್ಕೆ ಚೆನ್ನಾದ ವೇಗವೇ. ಮನ್ರೋಗೆ ಸಾಲಲಿಲ್ಲ. 1926ರ ಹೊತ್ತಿಗೆ ಅವನು ಇಂಜಿನ್ ಬಿಚ್ಚಿದ. ಆಮೇಲೆ ನಾಲ್ಕು ದಶಕ ಬಿಚ್ಚುತ್ತಲೇ ಇದ್ದ.

ಹಳೇ ಡಬ್ಬ, ಗ್ಯಾಸ್ ಪೈಪು, ಟ್ರ್ಯಾಕ್ಟರ್ ಆಕ್ಸಲ್

ಸ್ವಲ್ಪ ಕಾಲ ಆಸ್ಟ್ರೇಲಿಯಾದಲ್ಲಿದ್ದು, ಮಹಾ ಆರ್ಥಿಕ ಕುಸಿತದ ಹೊತ್ತಲ್ಲಿ ಊರಿಗೆ ವಾಪಸ್ ಬಂದ ಮನ್ರೋ, ಮೋಟಾರ್‌ಸೈಕಲ್ ಮಾರುವ, ರಿಪೇರಿ ಮಾಡುವ ಕೆಲಸಕ್ಕೆ ಸೇರಿದ. ಹಗಲು ಸಂಬಳದ ಕೆಲಸ, ರಾತ್ರಿ ತನ್ನ ಸ್ಕೌಟ್. ಎಷ್ಟೋ ಸಲ ಬೆಳಗಾಗುವವರೆಗೆ ಶೆಡ್ಡಿನಲ್ಲೇ ಇದ್ದು, ಅಲ್ಲಿಂದಲೇ ಕೆಲಸಕ್ಕೆ ಹೋಗ್ತಿದ್ದ.

ರೇಸಿಂಗ್ ಬಿಡಿಭಾಗ ಕೊಳ್ಳಲು ದುಡ್ಡಿಲ್ಲ. ಕೊಳ್ಳೋಣ ಅಂದ್ರೂ ಅವನಿಗೆ ಬೇಕಾದದ್ದನ್ನ ಯಾರೂ ಮಾಡ್ತಾ ಇರಲಿಲ್ಲ. ಹಾಗಾಗಿ ಪಿಸ್ಟನ್ನುಗಳನ್ನ ಹಳೇ ತಗಡಿನ ಡಬ್ಬಗಳಲ್ಲಿ ಲೋಹ ಎರಕ ಹೊಯ್ದು ತಾನೇ ಮಾಡಿದ. ಸಿಲಿಂಡರ್ ಬ್ಯಾರೆಲ್‌ಗೆ ಎರಕದ ಕಬ್ಬಿಣದ ಗ್ಯಾಸ್ ಪೈಪು. ಕನೆಕ್ಟಿಂಗ್ ರಾಡ್‌ಗೆ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಆಕ್ಸಲ್ ಕೊರೆದು ತೆಗೆದ ಉಕ್ಕು. ಅಳತೆಗೆ ಸೈಕಲ್ ಚಕ್ರದ ಹಳೇ ಕಡ್ಡಿ. ಫ್ಲೈವೀಲ್ ಕೂಡ ಅವನದೇ ಕೈಕೆಲಸ. ಪಕ್ಕದಲ್ಲಿ ಕೂತಿದ್ದ ವಾಲ್ವುಗಳನ್ನ ಸಿಲಿಂಡರಿನ ತಲೆಯ ಮೇಲಕ್ಕೆ ತಂದ. ಇದರಿಂದ ಇಂಜಿನ್ ಸಲೀಸಾಗಿ ಉಸಿರಾಡಿತು. 600 ಸಿಸಿಯನ್ನ ಮೆಲ್ಲಮೆಲ್ಲಗೆ 850ಕ್ಕೆ, ಆಮೇಲೆ 950ಕ್ಕೆ ಹಿಗ್ಗಿಸಿದ.

ಇದೆಲ್ಲ ಕೇಳೋಕೆ ಸೊಗಸು. ಆದ್ರೆ ಇದರ ಇನ್ನೊಂದು ಅರ್ಥ ಏನಪ್ಪಾ ಅಂದ್ರೆ, ಅವನು ಮಾಡಿದ್ದೆಲ್ಲ ಒಡೀತಿತ್ತು. ರಾಡ್ ಮುರಿದು ಇಂಜಿನ್ನಿನ ಹೊಟ್ಟೆ ಸೀಳೋದು, ಪಿಸ್ಟನ್ ಕರಗೋದು, ಮತ್ತೆ ಮೊದಲಿಂದ ಶುರು. ಒಡೆದ ಭಾಗಗಳನ್ನ ಅವನು ಎಸೀಲಿಲ್ಲ. ಶೆಡ್ಡಿನ ಒಂದು ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಕೊಟ್ಟ ಕಾಣಿಕೆಗಳು ಅಂತ ಬರೆದಿಟ್ಟ. ನಮ್ಮಲ್ಲಿ ಹರಕೆ ಹೊತ್ತವರು ದೇವಸ್ಥಾನದಲ್ಲಿ ಬೆಳ್ಳಿಯ ಕೈಕಾಲು ಒಪ್ಪಿಸ್ತಾರಲ್ಲ, ಹೆಚ್ಚುಕಡಿಮೆ ಹಾಗೇ.

ನನ್ನ ಟರ್ಬೋ ನೋಡಿದ ಮೆಕ್ಯಾನಿಕ್ ಮಾಮ ಹೇಳಿದ್ದರ ಸಾರವೂ ಇದೇ ಆಗಿತ್ತು. ಟರ್ಬೋ ಅನ್ನೋದು ಸೈಲೆನ್ಸರಿಗೆ ಹೋಗಿ ಹಾಳಾಗೋ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲೇ ಪೇಟೆಂಟ್ ತಗೊಂಡಿದ್ದ. ಹೆಚ್ಚು ಗಾಳಿ ಬಂದ್ರೆ ಹೆಚ್ಚು ಡೀಸೆಲ್ ಉರೀಬಹುದು, ಹೆಚ್ಚು ಬಲ ಸಿಗುತ್ತೆ. ಆದ್ರೆ ಆ ಬಲ ಹೋಗಿ ತಾಗೋದು ಹಳೇ ಹೆಡ್ ಗ್ಯಾಸ್ಕೆಟ್ಟಿಗೆ, ಹಳೇ ಬೇರಿಂಗಿಗೆ, ಹಳೇ ರೇಡಿಯೇಟರಿಗೆ. ಟರ್ಬೋದ ದಂಡ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ. ಅದು ತೇಲೋದು ತೆಳ್ಳನೆಯ ಎಣ್ಣೆಯ ಪದರದ ಮೇಲೆ. ಇಂಜಿನ್ ಆಯಿಲ್ ಕೊಳಕಾಗಿದ್ರೆ, ಒತ್ತಡ ಸಾಲದಿದ್ರೆ, ಅದರ ಕಥೆ ಅಲ್ಲಿಗೆ ಮುಗೀತು. ಮ್ಯಾನಿಫೋಲ್ಡ್ ಹೊಸದಾಗಿ ವೆಲ್ಡ್ ಮಾಡಿಸಬೇಕು, ಆಯಿಲ್ ಪೈಪು ಎಳೀಬೇಕು, ಬಿಸಿಯಾದ ಗಾಳಿ ತಣ್ಣಗೆ ಮಾಡೋಕೆ ಇಂಟರ್‌ಕೂಲರ್ ಬೇಕು, ಡೀಸೆಲ್ ಪಂಪು ಹೊಂದಿಸಬೇಕು. ಇಷ್ಟಾದ ಮೇಲೆ ಬ್ರೇಕು. ಒಂಬತ್ತು ಸಾವಿರದ್ದು ಬರೀ ಟರ್ಬೋ. ಉಳಿದದ್ದರ ಲೆಕ್ಕ ಮಾಮ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟರು. ಮೊತ್ತ ನನ್ನ ಬಜೆಟ್ಟಿನ ಎರಡು ಪಟ್ಟು ದಾಟಿತ್ತು.

ಸಂಸಾರದ ಲೆಕ್ಕ

ಮನ್ರೋನ ಕಥೆಯನ್ನ ಹೆಚ್ಚಿನವರು ತಿಳಿದದ್ದು 2005ರ ಸಿನಿಮಾದಿಂದ. ನಿರ್ದೇಶಕ ರೋಜರ್ ಡೊನಾಲ್ಡ್‌ಸನ್, ಮನ್ರೋ ಪಾತ್ರದಲ್ಲಿ ಆಂಥೊನಿ ಹಾಪ್ಕಿನ್ಸ್. ಮನ್ರೋ ಬದುಕಿದ್ದಾಗಲೇ ಅವನ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದವನೇ ಈ ಡೊನಾಲ್ಡ್‌ಸನ್. ಸಿನಿಮಾ ಚೆನ್ನಾಗಿದೆ, ನೋಡಿ. ಆದ್ರೆ ಹಲವು ವರ್ಷಗಳ ಪ್ರಯಾಣಗಳನ್ನ ಅದು ಒಂದೇ ಪ್ರಯಾಣ ಮಾಡಿಬಿಟ್ಟಿದೆ. ಹೆಂಡತಿ ಮಕ್ಕಳಿಗೆ ಅದರಲ್ಲಿ ಜಾಗವೇ ಇಲ್ಲ ಅನ್ನಬಹುದು.

ನಿಜದ ಮನ್ರೋಗೆ ಬೆರಿಲ್ ಎಂಬ ಹೆಂಡತಿ ಇದ್ದಳು, ನಾಲ್ವರು ಮಕ್ಕಳಿದ್ದರು. 1920ರ ದಶಕದ ಕೊನೆಯಲ್ಲಿ ಆದ ಮದುವೆ 1940ರ ದಶಕದಲ್ಲಿ ಮುರಿಯಿತು. ಆಮೇಲೆ ಅವನು ಸಂಬಳದ ಕೆಲಸವನ್ನೂ ಬಿಟ್ಟು, ಒಂದು ಗ್ಯಾರೇಜಿಗೇ ಹಾಸಿಗೆ ತಂದುಕೊಂಡು, ತನ್ನ ಇಂಡಿಯನ್ ಮತ್ತು ಒಂದು ವೆಲೊಸೆಟ್ ಬೈಕಿನ ಜೊತೆ ಬದುಕತೊಡಗಿದ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ನೀವೂ ನಿಲ್ಲಬೇಕು ಅಂತ ನನ್ನ ಆಸೆ. ಕಡಿಮೆ ದುಡ್ಡಲ್ಲಿ ಮಾಡಿದ ಸಾಧನೆ ಅಂತ ನಾವು ಕುಣಿದಾಡ್ತೀವಿ. ದುಡ್ಡು ಕಡಿಮೆಯಾದ ಕಡೆ ಸಮಯ ಜಾಸ್ತಿ ಹೋಗುತ್ತೆ. ಆ ಸಮಯ ಎಲ್ಲಿಂದಲೋ ಬರಬೇಕು. ಒಬ್ಬ ಗಂಡಸು ರಾತ್ರಿಯೆಲ್ಲ ಶೆಡ್ಡಿನಲ್ಲಿ ಪಿಸ್ಟನ್ ಎರಕ ಹೊಯ್ಯುವಾಗ ಮನೆಯಲ್ಲಿ ನಾಲ್ಕು ಮಕ್ಕಳನ್ನ ನೋಡಿಕೊಳ್ಳೋರು ಯಾರೋ ಇರಬೇಕು. ಆ ಗಂಟೆಗಳು ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ. ಬೆರಿಲ್ ಏನಂದುಕೊಂಡಳೋ ನನಗೆ ಗೊತ್ತಾಗಲಿಲ್ಲ. ಆದ್ರೆ ಸ್ಕೌಟಿನ ಬಿಡಿಭಾಗಗಳ ಪಟ್ಟಿ ಹೇಳುವವರು ಅವಳ ಹೆಸರನ್ನೂ ಒಂದು ಸಾಲಲ್ಲಿ ಹೇಳೋದು ನ್ಯಾಯ ಅಂತ ನನಗೆ ಅನಿಸುತ್ತೆ.

ನಮ್ಮ ಮನೆಯಲ್ಲೂ ಹೀಗೇ. ಅಪ್ಪ ಭಾನುವಾರ ಗಾಡಿ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸಿದ್ದನ್ನ ನಾನು ಹೆಮ್ಮೆಯಿಂದ ಹೇಳ್ತೀನಿ. ಅದೇ ಹೊತ್ತಲ್ಲಿ ಅಮ್ಮ ಏನು ಮಾಡ್ತಿದ್ದಳು ಅಂತ ಕೇಳಿದ್ರೆ ನನಗೆ ತಕ್ಷಣ ನೆನಪಾಗೋದಿಲ್ಲ.

ಉಪ್ಪಿನ ಬಯಲಲ್ಲಿ

ಮನ್ರೋ ಅಭ್ಯಾಸ ಮಾಡಿದ್ದು ಇನ್ವರ್‌ಕಾರ್ಗಿಲ್ ಪಕ್ಕದ ಓರೆಟಿ ಬೀಚಿನಲ್ಲಿ. ಮೈಲಿಗಟ್ಟಲೆ ಗಟ್ಟಿ ಮರಳು, ಯಾರ ಅಪ್ಪಣೆಯೂ ಬೇಡದ ಸಾರ್ವಜನಿಕ ಜಾಗ. 1938ರಲ್ಲಿ ನ್ಯೂಜಿಲೆಂಡಿನ ತನ್ನ ಮೊದಲ ದಾಖಲೆ ಬರೆದ. ಆಮೇಲೆ ದೇಶದ ಇನ್ನೂ ಹಲವು ದಾಖಲೆಗಳು ಬಂದವು. ಬಿದ್ದದ್ದಕ್ಕೆ, ಮೂಳೆ ಮುರಿದದ್ದಕ್ಕೆ ಲೆಕ್ಕ ಇಲ್ಲ. 1950ರ ದಶಕದ ಕೊನೆಗೆ ಎದೆನೋವೂ ಶುರುವಾಯಿತು.

ಈ ನಡುವೆ ಒಂದು ತಮಾಷೆ ಆಯಿತು. ಅವನ ಬೈಕನ್ನ ತಯಾರಿಸಿದ್ದ ಕಂಪನಿಯೇ 1953ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಂಪನಿ ಸತ್ತರೂ ಅದರ 1920ರ ಬೈಕು ವರ್ಷದಿಂದ ವರ್ಷಕ್ಕೆ ವೇಗವಾಗುತ್ತಾ ಹೋಯಿತು. ವಸ್ತುವಿನ ಆಯಸ್ಸು ತೀರ್ಮಾನ ಮಾಡೋದು ಅದನ್ನ ಮಾರಿದವನೋ ಅಥವಾ ಬಿಚ್ಚಿ ಜೋಡಿಸಬಲ್ಲವನೋ ಅನ್ನೋ ಪ್ರಶ್ನೆಗೆ ಇದೊಂದು ಉತ್ತರ. ಬ್ಯಾಟರಿ ಬದಲಿಸೋಕೂ ಆಗದಂತೆ ಅಂಟು ಹಾಕಿ ಮುಚ್ಚಿದ ಫೋನು ಹಿಡ್ಕೊಂಡು ಇದನ್ನ ಓದ್ತಿರೋ ನಮಗೆ ಆ ಪ್ರಶ್ನೆ ಹಳೇದೇನಲ್ಲ.

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನವಿಲ್ ಅನ್ನೋ ಉಪ್ಪಿನ ಬಯಲಿದೆ. ಬತ್ತಿಹೋದ ಪುರಾತನ ಸರೋವರದ ತಳ ಅದು, ಟೇಬಲ್ಲಿನಷ್ಟು ಸಮತಟ್ಟು. ವೇಗದ ಹುಚ್ಚಿನವರಿಗೆ ಕಾಶಿ. ಮನ್ರೋ ಅಲ್ಲಿಗೆ ಹತ್ತು ಸಲ ಹೋದ. ಮೊದಲ ಸಲ ಸುಮ್ಮನೆ ನೋಡಿಕೊಂಡು ಬಂದ. ಆಮೇಲೆ ಬೈಕನ್ನ ಹಡಗಿನಲ್ಲಿ ಸಾಗಿಸಿ, ಅಮೆರಿಕದಲ್ಲಿ ಅಗ್ಗದ ಹಳೇ ಕಾರು ಕೊಂಡು, ಅದರ ಹಿಂದೆ ಕಟ್ಟಿ ಎಳೆದುಕೊಂಡು ಹೋದ. ಅಲ್ಲಿನ ಸವಾರರು ಈ ಮುದುಕನನ್ನ ತಮ್ಮವನು ಅಂತಲೇ ನೋಡಿಕೊಂಡರು. ಬೇಕಾದ ಕಡೆ ಕೈ ಹಿಡಿದರು.

1962ರಲ್ಲಿ, 63ನೇ ವಯಸ್ಸಿನಲ್ಲಿ, ಗಂಟೆಗೆ 178.95 ಮೈಲಿ. 883 ಸಿಸಿ ವರ್ಗದಲ್ಲಿ ವಿಶ್ವದಾಖಲೆ. 1966ರಲ್ಲಿ 1,000 ಸಿಸಿ ವರ್ಗದಲ್ಲಿ 168.07 ಮೈಲಿ. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅದೇ ವರ್ಗದಲ್ಲಿ 183.59 ಮೈಲಿ, ಅಂದ್ರೆ ಗಂಟೆಗೆ 295 ಕಿಲೋಮೀಟರ್ ಮೇಲೆ. ಆಗ ಬೈಕಿನ ವಯಸ್ಸು 47. ಅರ್ಹತೆಗಾಗಿ ಒಂದು ದಿಕ್ಕಿನಲ್ಲಿ ಓಡಿಸಿದಾಗ 190.07 ಮೈಲಿ, ಅಂದ್ರೆ 305 ಕಿಲೋಮೀಟರ್ ದಾಟಿತ್ತು.

ಇದರ ಗಾತ್ರ ಅರ್ಥ ಆಗೋಕೆ ಒಂದು ಸಣ್ಣ ಲೆಕ್ಕ. ಗಾಳಿಯನ್ನ ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದ್ರೆ ಶಕ್ತಿ ಎಂಟು ಪಟ್ಟು ಬೇಕು. 55 ಮೈಲಿಯ ಬೈಕನ್ನ ಅದೇ ಆಕಾರದಲ್ಲಿ 183 ಮೈಲಿಗೆ ಒಯ್ಯಬೇಕಾದ್ರೆ ಸುಮಾರು 37 ಪಟ್ಟು ಶಕ್ತಿ ಬೇಕಾಗ್ತಿತ್ತು. ಹಿಗ್ಗಿಸಿದ ಸಿಲಿಂಡರ್ ಮಾತ್ರ ಅಷ್ಟು ಕೊಡೋದಿಲ್ಲ. ಅದಕ್ಕೇ ಅವನು ಬೈಕಿಗೆ ಮೀನಿನಂಥ ಒಂದು ಕವಚ ಮಾಡಿದ, ಅದೂ ಕೈಯಾರೆ. ಗಾಳಿ ಜಾರಿಹೋಗಲಿ ಅಂತ ಅದರೊಳಗೆ ಬೋರಲು ಮಲಗಿ ಓಡಿಸಿದ. ಬಲ ತುಂಬೋದಕ್ಕಿಂತ ಅಡ್ಡಿ ಕಡಿಮೆ ಮಾಡೋದು ಅಗ್ಗ. ಟರ್ಬೋ ಕನಸು ಕಾಣೋ ನನ್ನಂಥವರು ಮೊದಲು ಕಲೀಬೇಕಾದ ಪಾಠ ಇದು.

ಇನ್ನೊಂದು ಮಾತು. ಅವನು ಆ ವೇಗದಲ್ಲಿ ಓಡಿಸಿದ್ದು ಬೀಚಿನಲ್ಲಿ, ಉಪ್ಪಿನ ಬಯಲಲ್ಲಿ. ಬಿದ್ದಿದ್ರೆ ಸಾಯ್ತಿದ್ದವನು ಅವನೊಬ್ಬನೇ. ನಮ್ಮ ರಸ್ತೆಯಲ್ಲಿ ಶಾಲೆ ಮಕ್ಕಳಿದ್ದಾರೆ, ಎಮ್ಮೆಗಳಿವೆ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಾನೂನು ಓದಿದಾಗ ಮೊದಲು ನನಗೆ ಸಿಟ್ಟು ಬಂತು. ಹಳೇ ಡೀಸೆಲ್ ಗಾಡಿಗೆ ಹೆಚ್ಚು ಇಂಧನ ಸುರಿದ್ರೆ ಬರೋ ಕರಿ ಹೊಗೆ ಯಾರ ಎದೆಗೆ ಹೋಗುತ್ತೆ ಅಂತ ಯೋಚಿಸಿದಾಗ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧ ಇನ್ನೂ ಇದೆ. ಬಿಚ್ಚಿ ನೋಡೋ, ಪರೀಕ್ಷೆ ಮಾಡೋ, ತಪ್ಪು ಮಾಡೋ ಒಂದು ಸುರಕ್ಷಿತ ಜಾಗ ನಮ್ಮ ಜಿಲ್ಲೆಗಳಲ್ಲಿ ಮೆಕ್ಯಾನಿಕ್ ಹುಡುಗರಿಗೆ ಎಲ್ಲಿದೆ? ಮನ್ರೋಗೆ ಓರೆಟಿ ಇತ್ತು.

ಜುಗಾಡ್ ಹೊಗಳುವ ಮುಂಚೆ

ಮನ್ರೋನ ಜೀವನವನ್ನ ನಮ್ಮಲ್ಲಿ ಹೇಳೋದಾದ್ರೆ ತಕ್ಷಣ ಜುಗಾಡ್ ಅನ್ನೋ ಪದ ಬರುತ್ತೆ. ಸಾಧಿಸೋನಿಗೆ ದುಡ್ಡು ಬೇಕಿಲ್ಲ, ಛಲ ಇದ್ರೆ ಸಾಕು ಅನ್ನೋ ಭಾಷಣ ಹಿಂದೆಯೇ ಬರುತ್ತೆ. ಅಧಿಕಾರದಲ್ಲಿ ಇರುವವರಿಗೆ ಈ ಭಾಷಣ ಬಹಳ ಇಷ್ಟ. ಯಾಕಂದ್ರೆ ಛಲಕ್ಕೆ ಬಜೆಟ್ಟಿನಲ್ಲಿ ಹಣ ಇಡಬೇಕಾಗಿಲ್ಲ.

ಆದ್ರೆ ಮನ್ರೋ ಬದುಕಿದ ದೇಶವನ್ನ ಸ್ವಲ್ಪ ನೋಡಿ. ಅವನು ಮೊದಲ ದಾಖಲೆ ಬರೆದ ಅದೇ 1938ರಲ್ಲಿ ನ್ಯೂಜಿಲೆಂಡಿನ ಲೇಬರ್ ಸರ್ಕಾರ ಸಾಮಾಜಿಕ ಭದ್ರತಾ ಕಾಯ್ದೆ ತಂದಿತ್ತು. ಮುದುಕರಿಗೆ ಪಿಂಚಣಿ, ಕಾಯಿಲೆ ಬಿದ್ದವರಿಗೆ ಚಿಕಿತ್ಸೆ ಹಕ್ಕಾಗಿ ಸಿಗುವ ವ್ಯವಸ್ಥೆ. ಗ್ಯಾರೇಜಿನಲ್ಲಿ ಮಲಗುವ ಒಬ್ಬ ಮುದುಕ ಊಟಕ್ಕೇನು ಅನ್ನೋ ಭಯ ಇಲ್ಲದೆ ಉಪ್ಪಿನ ಬಯಲಿನ ಕನಸು ಕಾಣೋಕೆ ಅಂಥ ನೆಲ ಬೇಕು ಅನ್ನೋದು ನನ್ನ ವಾದ.

ನಮ್ಮ ಮೆಕ್ಯಾನಿಕ್ ಮಾಮನಿಗೆ ಈಗ 64. ಎಡಗೈಯ ಒಂದು ಬೆರಳು ಫ್ಯಾನ್ ಬೆಲ್ಟಿಗೆ ಸಿಕ್ಕಿ ಹೋಗಿ ಬಹಳ ವರ್ಷ ಆಯಿತು. ಇಂಜಿನ್ ಶಬ್ದ ಕೇಳಿಯೇ ಯಾವ ಇಂಜೆಕ್ಟರ್ ಕೆಟ್ಟಿದೆ ಅಂತ ಹೇಳಬಲ್ಲ ಮನುಷ್ಯ. ಅವರೂ ಪಿಸ್ಟನ್ ಎರಕ ಹೊಯ್ಯಬಲ್ಲರೇನೋ. ಆದ್ರೆ ಬೆಳಗ್ಗೆ ಎದ್ದು ಮೂರು ಗಾಡಿಯ ಕ್ಲಚ್ ಪ್ಲೇಟ್ ಬದಲಿಸದಿದ್ರೆ ಆ ದಿನದ ಸಂಪಾದನೆ ಇಲ್ಲ. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಅದರಲ್ಲಿ ಎರಡು ಲೀಟರ್ ಡೀಸೆಲ್ ಬಂದ್ರೆ ದೊಡ್ಡದು. ಇಲ್ಲಿ ಮನ್ರೋಗಳಿಲ್ಲ ಅಂತ ಅಲ್ಲ. ಇರೋ ಮನ್ರೋಗಳು ಕ್ಲಚ್ ಪ್ಲೇಟ್ ಬದಲಿಸ್ತಾ ಕೂತಿದ್ದಾರೆ.

ಕೊನೆಯ ವರ್ಷಗಳು

1970ರ ದಶಕದಲ್ಲಿ ಮನ್ರೋನ ಹೃದಯ ಕೈಕೊಡತೊಡಗಿತು, ಸವಾರಿ ನಿಂತಿತು. 1977ರಲ್ಲಿ ಪಾರ್ಶ್ವವಾಯು ಹೊಡೆಯಿತು. ತನ್ನ ಎರಡೂ ಬೈಕುಗಳು ಊರು ಬಿಟ್ಟು ಹೋಗಬಾರದು ಅಂತ ಅವುಗಳನ್ನ ಸ್ಥಳೀಯ ವ್ಯಾಪಾರಿಯೊಬ್ಬರಿಗೇ ಮಾರಿದ. 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡ. ಸ್ಕೌಟ್ ಈಗಲೂ ಇನ್ವರ್‌ಕಾರ್ಗಿಲ್‌ನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಮೊಳೆ, ಸುತ್ತಿಗೆ ಕೊಳ್ಳೋಕೆ ಬಂದವರು ಅದನ್ನೂ ನೋಡಿಕೊಂಡು ಹೋಗ್ತಾರೆ. 2006ರಿಂದ ಆ ಊರಲ್ಲಿ ಅವನ ಹೆಸರಲ್ಲಿ ಸ್ಪರ್ಧೆಗಳೂ ನಡೀತಿವೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. 1967ರ ದಾಖಲೆಯ ಸರಾಸರಿ ಲೆಕ್ಕದಲ್ಲಿ ತಪ್ಪಿರೋದನ್ನ ಅವನ ಮಗ ಜಾನ್ ಎಷ್ಟೋ ವರ್ಷಗಳ ಮೇಲೆ ಗಮನಿಸಿದ. ಅಮೆರಿಕದ ಮೋಟಾರ್‌ಸೈಕಲ್ ಸಂಘ 2014ರಲ್ಲಿ ಅದನ್ನ 184.087 ಮೈಲಿ ಅಂತ ತಿದ್ದಿತು. ಸತ್ತು 36 ವರ್ಷದ ಮೇಲೆ ಮನುಷ್ಯ ಅರ್ಧ ಮೈಲಿ ವೇಗ ಹೆಚ್ಚಿಸಿಕೊಂಡ, ಅದೂ ಶೆಡ್ಡಿನ ಕಾರಣದಿಂದ ಅಪ್ಪನನ್ನ ಅರ್ಧವೇ ಪಡೆದಿದ್ದ ಮಗನ ಕೈಯಿಂದ. ಅದೇ 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತುಹೋಯಿತು.

ನಮ್ಮ ಗಾಡಿ ವಿಷಯಕ್ಕೆ ಬಂದ್ರೆ, ಟರ್ಬೋ ಹಾಕಿಸಲಿಲ್ಲ. ಹೋದ ತಿಂಗಳು ಮಾಮ, ನಾನು ಸೇರಿ ಇಂಜಿನ್ ಹೆಡ್ ಬಿಚ್ಚಿದ್ವಿ. ಹೊಸ ಗ್ಯಾಸ್ಕೆಟ್, ಇಂಜೆಕ್ಟರ್ ಸರ್ವೀಸು, ರೇಡಿಯೇಟರ್ ತೊಳೆಸಿದ್ದು, ನಾಲ್ಕೂ ಚಕ್ರದ ಬ್ರೇಕು. ಅರ್ಧ ದುಡ್ಡು ಅದಕ್ಕೆ ಹೋಯಿತು. ಮಾಮನಿಗೆ ಕೂಲಿ ಎಷ್ಟು ಅಂತ ಕೇಳಿದಾಗ ಅಪ್ಪನ ಸ್ನೇಹ ನೆನಪಿಸಿ ಕಡಿಮೆ ಹೇಳಿದರು. ಚೌಕಾಸಿ ಮಾಡಬೇಕಾಯಿತು, ಜಾಸ್ತಿ ತಗೊಳ್ಳಿ ಅಂತ.

ಅಮ್ಮನನ್ನ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಶಿರಾಡಿ ಹತ್ತಿದೆ. ಈ ಗಾಡಿಯ ಮುಂದಿನ ಸೀಟಲ್ಲಿ ಅವಳು ಅಷ್ಟು ದೂರ ಕೂತದ್ದು ಅದೇ ಮೊದಲಂತೆ, ಬಾಡಿಗೆ ಗಾಡಿ ಅಲ್ವಾ, ಯಾವಾಗಲೂ ಗಿರಾಕಿಗಳೇ. ಸೆಕೆಂಡ್ ಗೇರಲ್ಲೇ ಹತ್ತಿತು, ಆದ್ರೆ ನರಳಲಿಲ್ಲ. ಹಿಂದಿನಿಂದ ಬಸ್ ಹಾರ್ನ್ ಹೊಡೀತು. ನಾನು ಎಡಕ್ಕೆ ಸರಿದೆ.

ಟರ್ಬೋ ಪೇಪರಲ್ಲಿ ಸುತ್ತಿ ಕಪಾಟಿನಲ್ಲಿದೆ. ಪಕ್ಕದಲ್ಲಿ ಅಪ್ಪನ ಕಾಲದ ಸುಟ್ಟುಹೋದ ಹೆಡ್ ಗ್ಯಾಸ್ಕೆಟ್ ಇಟ್ಟಿದ್ದೀನಿ.